ಕೂಗಿದರೆ ಓಗೊಡಬಾರದು

ನಮ್ಮ ಭಾಲ್ಕಿಯ ಮನೆಗೆ ಎರಡು ಸರಕಾರಗಳಿದ್ದವು. ಒಂದು ಹೊರಗಿನದು. ಅದು ನನ್ನ ಹುಡುಗತನದಲ್ಲೇ ಎರಡು ಸಲ ಬದಲಾಯಿತು. ಇನ್ನೊಂದು ಆಯಿಯದು. ಅದು ಒಮ್ಮೆಯೂ ಬದಲಾಗಲಿಲ್ಲ.

ಆಯಿ ಎಂದರೆ ನನ್ನಪ್ಪನ ತಾಯಿ. ಗಿಡ್ಡ ಹೆಂಗಸು, ಹಣೆ ತುಂಬ ವಿಭೂತಿ, ಸೊಂಟದಲ್ಲಿ ತಲಬಾಗಿಲ ಕೀಲಿ. ಅವಳ ಕಾನೂನುಗಳನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ತಪ್ಪದೆ ಹೇಳುತ್ತಿದ್ದೆ. ಹುಡುಗಿಯ ಬಟ್ಟೆ ಅಂಗಳದಲ್ಲಿ ಒಣಗಬಾರದು. ಒಲೆಯ ಮೇಲೆ ಹಗ್ಗ ಕಟ್ಟಿ ಒಳಗೇ ಒಣಗಿಸಬೇಕು. ಹಾಗಾಗಿ ನನ್ನ ಲಂಗ, ಪೋಲಕ ಎಲ್ಲವೂ ಹೊಗೆ ನಾತ. ಗಾಜಿನ ಬಳೆ ಕೂಡದು, ಸಪ್ಪಳ ಮಾಡುತ್ತವೆ. ನಗು ಬಂದರೆ ಬಾಯಿಗೆ ಬಟ್ಟೆ, ಕೆಮ್ಮು ಬಂದರೆ ಕೌದಿಯೊಳಗೆ ಮುಖ. ಮನೆಯವರು ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ತಮ್ಮಾ' ಎನ್ನುತ್ತಿದ್ದರು. ಗೋಡೆಯಾಚೆ ಕೇಳಿಸಿಕೊಂಡವರು ಮನೆಯಲ್ಲಿರುವುದು ಹುಡುಗ ಅಂದುಕೊಳ್ಳಲಿ ಎಂದು. ಎಲ್ಲಕ್ಕಿಂತ ದೊಡ್ಡ ಕಾನೂನು ಇದು: ಹೊರಗಿನಿಂದ ಗಂಡಸಿನ ದನಿ ನನ್ನ ಹೆಸರು ಕೂಗಿದರೆ ಓಗೊಡಬಾರದು. ಒಂದು ಸಲ ಕೂಗಲಿ, ಹತ್ತು ಸಲ ಕೂಗಲಿ, ಗುರುತಿನ ದನಿಯೇ ಆಗಿರಲಿ, ನಾನು ಉಸಿರು ಬಿಗಿಹಿಡಿದು ಕೂತಿರಬೇಕು.

ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ನಾವು ಮೊದಲು ಕಮಲನಗರದ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ನಮ್ಮ ಸೀಮೆ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ಕಡೆಯ ದಿನಗಳು ಅವು. ಬಂದೂಕು ಹಿಡಿದು ಹಳ್ಳಿ ಹಳ್ಳಿಗೆ ಬರುವವರಿದ್ದರು. ಅವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, 'ಅವರು' ಎಂದರೆ ಸಾಕಿತ್ತು. ಈಗಲೂ ನನಗೆ ಆ ಹೆಸರು ಬಾಯಿಗೆ ಬರುವುದಿಲ್ಲ, ಬರೆಯಲು ಕೈಯೂ ಏಳುವುದಿಲ್ಲ. ಒಂದು ಮುಂಜಾನೆ ಆಯಿ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೊರಗಿನಿಂದ ಊರವನೇ ಒಬ್ಬ ನನ್ನ ಸಣ್ಣತ್ತಿಯ ಹೆಸರು ಹಿಡಿದು ಕೂಗಿದ. ಸಣ್ಣತ್ತಿ, ಅಂದರೆ ಅಪ್ಪನ ತಂಗಿ, ಆಗ ಮದುವೆಗೆ ಬಂದ ಹುಡುಗಿ. ದಿನಾ ಕೇಳುವ ದನಿ, ಅವಳು ಓಗೊಟ್ಟು ಹೋಗಿ ಅಗಳಿ ತೆಗೆದಳು. ಕೂಗಿದವನ ಬೆನ್ನಿಗೆ ಅವರಿದ್ದರು. ಆಯಿ ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಹೊಸ್ತಿಲು ಖಾಲಿಯಾಗಿತ್ತು. ಸಣ್ಣತ್ತಿ ಮತ್ತೆ ಬರಲಿಲ್ಲ. ಇದ್ದಾಳೋ ಇಲ್ಲವೋ ಎನ್ನುವುದೂ ನಮಗೆ ಗೊತ್ತಾಗಲಿಲ್ಲ.

ಅದಾದ ಮೇಲೆ ಅಪ್ಪ ನಮ್ಮನ್ನೆಲ್ಲ ಭಾಲ್ಕಿಗೆ ತಂದು ಒಂದು ಗಲ್ಲಿಯ ಮನೆಯಲ್ಲಿ ಇಳಿಸಿ, ಸಣ್ಣದೊಂದು ಕಾಳಿನ ಅಂಗಡಿ ಹಾಕಿದ. ಪಕ್ಕದ ಮನೆ ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸಿನದು. ಅವಳು ಸಾಬರ ಪೈಕಿ, ನಾವು ಲಿಂಗ ಕಟ್ಟಿದವರು. ಇಬ್ಬರ ಹಿತ್ತಲ ಗೋಡೆಯಲ್ಲಿ ಒಂದು ಗವಾಕ್ಷಿಯಿತ್ತು. 'ಅವರು' ಗಲ್ಲಿಗೆ ಬಂದ ದಿನಗಳಲ್ಲಿ ಖಾಲಾ ನನ್ನನ್ನು ಆ ಗವಾಕ್ಷಿಯಿಂದ ಎಳೆದುಕೊಂಡು ತನ್ನ ಮಕ್ಕಳ ನಡುವೆ ಮಲಗಿಸಿಕೊಂಡಿದ್ದಾಳೆ. ಆಮೇಲೆ ದಿಲ್ಲಿಯ ಫೌಜು ಬಂತು, ಕಾಲಚಕ್ರ ತಿರುಗಿತು. ಆಗ ಅವಳ ಮನೆಯ ಗಂಡಸರನ್ನು ಹುಡುಕಿಕೊಂಡು ಬೇರೆ ಜನ ಬಂದರು. ಖಾಲಾಳ ದೊಡ್ಡ ಮಗ ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ. ಊರಿನಲ್ಲಿ ಬಿಡುಗಡೆಯಾಯಿತೆಂದು ಸಕ್ಕರೆ ಹಂಚುತ್ತಿದ್ದಾಗ ನಮ್ಮ ಗಲ್ಲಿಯಲ್ಲಿ ಅಕ್ಕಪಕ್ಕದ ಎರಡು ಬಾಗಿಲು ಹಾಕಿಯೇ ಇದ್ದವು. ಸಕ್ಕರೆ ಕೊಡಲು ಬಂದವರಿಗೆ ಆಯಿ ಒಳಗಿನಿಂದಲೇ ಬೇಡವೆಂದು ಹೇಳಿ ಕಳಿಸಿದಳು.

ಆಗ ನಾನು ಎಂಟು ವರ್ಷದವಳು. ಇನ್ನು ಆಯಿ ಬಾಗಿಲು ತೆಗೆಯುತ್ತಾಳೆ, ಇವತ್ತಲ್ಲ ನಾಳೆ ತೆಗೆಯುತ್ತಾಳೆ ಎಂದು ಕಾದೆ. ಅಪ್ಪನೂ ಒಂದೆರಡು ಸಲ ಮೆತ್ತಗೆ ಹೇಳಿ ನೋಡಿದ, ಈಗ ಹೆದರಿಕೆಯಿಲ್ಲ, ಸರಕಾರ ನಮ್ಮದೇ ಎಂದು. ಆಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತವಳು ತಲೆ ಎತ್ತಲಿಲ್ಲ.

"ಸರಕಾರ ಬದಲಾಗ್ಯಾದ," ಅಂದಳು. "ಗಂಡಸ್ರು ಅವ್ರೇ ಅದಾರ."

ಅಪ್ಪ ಅಂಗಡಿಗೆ ಹೊರಟ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ನನ್ನ ಅವ್ವ ಆ ಮನೆಯಲ್ಲಿ ಹದಿನೈದು ವರ್ಷ ಸಂಸಾರ ಮಾಡಿದರೂ ಅವಳ ದನಿ ಹೇಗಿದೆ ಎಂದು ನೆರೆಯವರಿಗೆ ಗೊತ್ತಿರಲಿಕ್ಕಿಲ್ಲ.

ಹುಡುಗಿಯರ ಸಾಲಿ ಪಕ್ಕದ ಗಲ್ಲಿಯಲ್ಲೇ ಶುರುವಾದಾಗ ಅಪ್ಪ ಹಟ ಹಿಡಿದು ನನ್ನನ್ನು ಹಾಕಿದ. ಅಲ್ಲಿ ಕಲಿಸುವವರೂ ಹೆಂಗಸರೇ, ಗಂಡಸಿನ ಗಾಳಿಯೂ ಇಲ್ಲ ಎಂದು ಆಯಿ ಒಪ್ಪಿದಳು. ಒಪ್ಪಿದಳು ಎಂದರೆ ಹೇಗೆ? ನನ್ನ ಜೊತೆ ತಾನೂ ಸಾಲಿಗೆ ಬರತೊಡಗಿದಳು. ಮುಂಜಾನೆ ನನ್ನನ್ನು ಒಳಗೆ ಕೂಡಿಸಿ, ಅಂಗಳದ ಬೇವಿನ ಮರದ ಕೆಳಗೆ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತರೆ, ಸಾಲಿ ಬಿಡುವವರೆಗೂ ಏಳುತ್ತಿರಲಿಲ್ಲ. ಹುಡುಗಿಯರು ಅವಳಿಗೆ ಠಾಣಾ ಎಂದು ಹೆಸರಿಟ್ಟಿದ್ದರು. 'ನಿಮ್ಮ ಠಾಣಾ ಬಂತು ನೋಡು' ಎಂದು ನನ್ನನ್ನು ಚುಚ್ಚುತ್ತಿದ್ದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಸಣ್ಣವಳಿದ್ದಾಗ ಆಯಿಯ ಮೇಲೆ ಹೆದರಿಕೆಯಿತ್ತು. ಬುದ್ಧಿ ಬಲಿತ ಮೇಲೆ ಅದು ಸಿಟ್ಟಾಯಿತು. ಸುಳ್ಳು ಯಾಕೆ ಹೇಳಲಿ, ದ್ವೇಷವೇ ಆಯಿತು. ಅವಳು ನಿದ್ದೆ ಹೋದಾಗ ಅವಳ ಸೊಂಟದ ಕೀಲಿಯನ್ನು ನೋಡುತ್ತ ಕೂತಿರುತ್ತಿದ್ದೆ. ಕದಿಯುವ ಧೈರ್ಯವಿರಲಿಲ್ಲ. ಕದ್ದರೂ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ.

ಏಳನೆಯ ಇಯತ್ತೆ ಮುಗಿಯಿತು, ಸಾಲಿಯೂ ಅಲ್ಲಿಗೇ ಮುಗಿಯಿತು. ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಹೇಳುವಂಥದ್ದು ಏನೂ ನಡೆಯಲಿಲ್ಲ, ಅದೇ ಅದರ ಕಷ್ಟ. ಏಳುವುದು, ಸಾರಿಸುವುದು, ರೊಟ್ಟಿ ಬಡಿಯುವುದು, ಬಾಗಿಲ ಸಂದಿಯಿಂದ ಬೀಳುವ ಬಿಸಿಲು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹೋಗುವುದನ್ನು ನೋಡುವುದು. ಅಪ್ಪ ಅಂಗಡಿಯಿಂದ ಪುಡಿಕೆ ಕಟ್ಟುವ ಹಳೆಯ ಕಾಗದ ತರುತ್ತಿದ್ದ. ಕನ್ನಡವಿರಲಿ, ಮರಾಠಿಯಿರಲಿ, ಅದನ್ನೇ ತುಟಿ ಅಲ್ಲಾಡಿಸುತ್ತ ಓದುತ್ತಿದ್ದೆ. ದನಿ ತೆಗೆದು ಓದಿದರೆ ಆಯಿಯ ಕಣ್ಣು ತಲಬಾಗಿಲ ಕಡೆ ಹೋಗುತ್ತಿತ್ತು.

ಆಗಲೇ ಔರಾದಿನ ಸಂಬಂಧ ಬಂತು. ಊರಿನಲ್ಲಿ ಹೆಸರಿದ್ದ ಮನೆತನ, ದೊಡ್ಡ ವಾಡೆ. ಆಯಿ ತಾನೇ ಹೋಗಿ ನೋಡಿಕೊಂಡು ಬಂದಳು. ಗಂಡು ಹೇಗಿದ್ದಾನೆ ಎಂದು ಅವ್ವ ಕೇಳಿದರೆ, ಆಯಿ ಬಾಗಿಲ ಬಗ್ಗೆ ಹೇಳಿದಳು. ಆನೆ ಗುದ್ದಿದರೂ ಬೀಳದಂಥ ಬಾಗಿಲು, ಎರಡಾಳು ಎತ್ತರದ ಗೋಡೆ, ಬೀದಿಯ ಕಡೆಗೆ ಒಂದೂ ಕಿಟಕಿಯಿಲ್ಲ, ಬಾವಿ ಒಳಗೇ ಇದೆ, ನೀರಿಗೂ ಹೊರಗೆ ಕಾಲಿಡುವ ಹಾಗಿಲ್ಲ. ಆಯಿ ಆ ಬಾಗಿಲನ್ನು ಎಷ್ಟು ಬಣ್ಣಿಸಿದಳೆಂದರೆ ತಾಳಿ ಕಟ್ಟುವುದು ಬಾಗಿಲೇ ಇರಬೇಕು ಅನ್ನಿಸಿತು. ವರನಿಗೆ ಎರಡು ಕಣ್ಣಿವೆಯೋ ಒಂದೋ ಅವಳು ನೋಡಿಯೇ ಇರಲಿಲ್ಲ. ನಾನು ಅಡಿಗೆ ಮನೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡೆ. ಇಲ್ಲಿ ಬಾಗಿಲ ಸಂದಿಯಿಂದ ಬಿಸಿಲಾದರೂ ಬರುತ್ತದೆ, ಅಲ್ಲಿ ಅದೂ ಇಲ್ಲ ಎಂದುಕೊಂಡೆ.

ಅದೇ ಚಳಿಗಾಲದ ಹೊತ್ತಿಗೆ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಭಾಲ್ಕಿಯಲ್ಲಿ ಹಲಗೆ, ಸನಾದಿ, ಘೋಷಣೆ, ಪಟಾಕಿ. ಮೆರವಣಿಗೆ ನಮ್ಮ ಗಲ್ಲಿಯ ಬಾಯಿಗೆ ಬಂದು ಪಟಾಕಿಯ ಸರ ಸಿಡಿದ ಕೂಡಲೇ ಆಯಿ ಅಗಳಿ ಜಡಿದು, ಬೀಸುವ ಕಲ್ಲನ್ನು ಉರುಳಿಸಿ ತಂದು ಬಾಗಿಲಿಗೆ ಆನಿಸಿದಳು. ನನ್ನನ್ನು ಜೋಳದ ಚೀಲಗಳ ಹಿಂದೆ ತಳ್ಳಿ, ಮುಂದೆ ತಾನು ಕೂತಳು. ಹೊರಗೆ ಜನ ಕನ್ನಡಕ್ಕೆ ಜಯವಾಗಲಿ ಎಂದು ಕೂಗುತ್ತಿದ್ದರು. ನಾನು ಕನ್ನಡ ರಾಜ್ಯಕ್ಕೆ ಸೇರಿದ್ದು ಹಾಗೆ, ಚೀಲದ ಹಿಂದೆ, ಸೀನು ತಡೆದುಕೊಂಡು. ಎಲ್ಲ ತಣ್ಣಗಾದ ಮೇಲೆ ಖಾಲಾ ಗವಾಕ್ಷಿಯಿಂದ ಒಂದು ಬಟ್ಟಲು ಸಿಹಿ ಕೊಟ್ಟಳು. ಅವಳ ಬಾಗಿಲೂ ದಿನವಿಡೀ ಹಾಕಿತ್ತಂತೆ.

ಹೊಸ ರಾಜ್ಯದಲ್ಲಿ ಕನ್ನಡ ಕಲಿಸುವ ಹೆಣ್ಣುಮಕ್ಕಳು ಬೇಕಾಗಿದ್ದಾರೆ, ಬೀದರಿನಲ್ಲಿ ತರಬೇತಿಗೆ ಆರಿಸುತ್ತಾರೆ, ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ ಎಂಬ ಸುದ್ದಿ ಅಪ್ಪನ ಅಂಗಡಿಗೆ ಬಂತು. ಅಪ್ಪ ಜೀವನದಲ್ಲಿ ಒಂದೇ ಸಲ ತಾಯಿಗೆ ಎದುರು ನಿಂತದ್ದು ಆಗ. ಜಗಳವಾಡಲಿಲ್ಲ, ಅವನಿಗೆ ಅದು ಬರುತ್ತಿರಲಿಲ್ಲ. ಊಟ ಬಿಟ್ಟು ಕೂತ. ಎರಡನೆಯ ದಿನ ಆಯಿ ಸೋತಳು. ಮಾತುಕತೆ ಹೀಗೆ ಮುಗಿಯಿತು: ಬೀದರಿನವರು ಆರಿಸಿದರೆ ತರಬೇತಿ, ಬಿಟ್ಟರೆ ಮಾಘದಲ್ಲಿ ಔರಾದು. ಮತ್ತು ಬೀದರಿಗೆ ಆಯಿಯೂ ಬರುತ್ತಾಳೆ.

ಭಾಲ್ಕಿಯಿಂದ ಬೀದರಿಗೆ ರೈಲಿನಲ್ಲಿ ಹೋದೆವು. ನನಗೆ ಅದು ಮೊದಲ ರೈಲು. ಹೊರಗೆ ಕೆಂಪು ನೆಲ, ಹೂ ಬಿಟ್ಟ ತೊಗರಿ, ಹೊಲದಲ್ಲಿ ಸೀರೆ ಕಚ್ಚೆ ಕಟ್ಟಿ ಗಟ್ಟಿಯಾಗಿ ಮಾತಾಡುತ್ತ ಕಳೆ ಕೀಳುವ ಹೆಂಗಸರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆಯಿ ನನ್ನನ್ನು ಕಿಟಕಿಯಿಂದ ಈಚೆಗೆ ಸರಿಸಿ ತಾನು ಕಿಟಕಿಗೆ ಕೂತಳು. ದಾರಿಯುದ್ದಕ್ಕೂ ಅವಳ ಬೆನ್ನು ಮತ್ತು ಚೌಕಟ್ಟಿನ ನಡುವೆ ಸಿಕ್ಕಷ್ಟು ಲೋಕವನ್ನು ನೋಡಿದೆ.

ಕಚೇರಿ ಹಳೆಯ ಕಲ್ಲಿನ ಕಟ್ಟಡ. ಉರ್ದು ಹಲಗೆ ಇಳಿಸಿ ಗೋಡೆಗೆ ಒರಗಿಸಿದ್ದರು, ಕನ್ನಡದ ಹಲಗೆಯ ಬಣ್ಣ ಇನ್ನೂ ಹಸಿಯಿತ್ತು. ಪಡಸಾಲೆಯ ಬೆಂಚುಗಳ ಮೇಲೆ ನನ್ನಂಥವರು ಹಲವರು ಅಪ್ಪ, ಅಣ್ಣಂದಿರ ಜೊತೆ ಕೂತಿದ್ದರು. ಒಬ್ಬಾಕೆ ಕೈ ತುಂಬ ಬಳೆ ಹಾಕಿಕೊಂಡಿದ್ದಳು, ಅವಳು ಕೈ ಆಡಿಸಿದಾಗಲೆಲ್ಲ ಆಯಿ ತಿರುಗಿ ನೋಡುತ್ತಿದ್ದಳು. ಅಪ್ಪನಿಗೆ ಗಾಂಧಿ ಗಂಜಿನ ಪೇಟೆಯಲ್ಲಿ ಕಾಳು ಕೊಡಿಸುವ ಒಬ್ಬ ಅಡತಿಯವನನ್ನು ಕಾಣುವುದಿತ್ತು. ನನ್ನ ಸರದಿ ಬರಲು ಇನ್ನೂ ತಡವಿದೆ ಎಂದು ಜವಾನ ಹೇಳಿದ್ದರಿಂದ, ಈಗ ಹೋಗಿ ಈಗ ಬಂದೆ ಎಂದು ಅವನು ಹೋದ. ಜವಾನರ ಲೆಕ್ಕ ಎಂದಾದರೂ ಸರಿಯಾದದ್ದುಂಟೇ? ಅಪ್ಪ ಬೀದಿಯ ತಿರುವು ದಾಟಿರಲಿಕ್ಕಿಲ್ಲ, ಒಳಗಿನಿಂದ ಬಂದ ಜವಾನ ಬಾಗಿಲಲ್ಲಿ ನಿಂತು, ತಲೆ ಎತ್ತಿ, ಉದ್ದ ರಾಗದಲ್ಲಿ ನನ್ನ ಹೆಸರು ಕೂಗಿದ.

ಅಷ್ಟು ಗಟ್ಟಿಯಾಗಿ ನನ್ನ ಹೆಸರನ್ನು ನಾನು ಕೇಳಿದ್ದೇ ಇಲ್ಲ. ನನ್ನ ಗುಟ್ಟೊಂದನ್ನು ಯಾರೋ ಸಂತೆಯಲ್ಲಿ ಸಾರಿದ ಹಾಗಾಯಿತು. ಆಯಿಯ ಅಂಗೈ ಬಂದು ನನ್ನ ಬಾಯಿ ಮುಚ್ಚಿತು. ಆ ಕೈಯ ಮೇಲೆ ಎಲ್ಲ ಹಾಕಿ ನಾನು ಪಾರಾಗಬಹುದು, ಬಹಳ ವರ್ಷ ಹಾಗೇ ಹೇಳಿಕೊಂಡೂ ಬಂದೆ. ಆದರೆ ಅವಳ ಕೈ ಬೇಕಿರಲಿಲ್ಲ. ಅವಳು ಮುಟ್ಟುವ ಮೊದಲೇ ನನ್ನ ಉಸಿರು ನಿಂತಿತ್ತು, ಮೊಣಕಾಲು ಎದೆಗೆ ಬಂದಿತ್ತು, ಕಣ್ಣು ನೆಲ ಹುಡುಕುತ್ತಿತ್ತು. ಓಗೊಡು ಎಂದು ತಲೆ ಹೇಳಿತು, ನಾಲಿಗೆ ಏಳಲಿಲ್ಲ.

ಜವಾನ ಎರಡನೆಯ ಸಲ ಕೂಗಿದ. ಬಳೆಯ ಹುಡುಗಿ ಅತ್ತಿತ್ತ ನೋಡಿದಳು. ಯಾರೂ ಏಳಲಿಲ್ಲ. ಅವನು ಒಳಗೆ ಹೋಗಿ ಏನೋ ಕೇಳಿಕೊಂಡು ಮತ್ತೆ ಬಂದ. ಇದು ಕಡೆಯ ಸಲ, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೂರನೆಯ ಸಲ ಕೂಗಿದ. ನನಗೆ ಔರಾದಿನ ಬಾಗಿಲು ಕಾಣಿಸಿತು. ನೋಡದೇ ಇದ್ದ ಬಾಗಿಲು, ಆದರೂ ಅದರ ಮೊಳೆ ಮೊಳೆಯೂ ಕಂಡಿತು. ನಾನು ಅಳತೊಡಗಿದೆ. ಸಪ್ಪಳವಿಲ್ಲದೆ ಅಳುವುದರಲ್ಲಿ ನನ್ನಷ್ಟು ಪಳಗಿದವರು ಯಾರಿದ್ದರು? ಕಣ್ಣೀರು ಆಯಿಯ ಬೆರಳುಗಳ ಮೇಲೆ ಇಳಿಯಿತು.

ಆಯಿ ಕೈ ತೆಗೆದಳು. ಬೆರಳನ್ನು ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನೀ ಇಲ್ಲೇ ಕೂಡು. ನಾ ಹೋಗ್ತೇನಿ."

ಅವಳು ಜವಾನನನ್ನು ದಾಟಿ ಒಳಗೆ ಹೋದಳು. ನಮ್ಮ ಮನೆಯಲ್ಲಿ ಹುಡುಗಿ ಇಲ್ಲ ಎಂದು ಹೇಳಿ ಬರಲು ಹೋಗಿದ್ದಾಳೆ ಎಂದೇ ನಾನು ತಿಳಿದೆ. ಬೇರೇನು ತಿಳಿಯಲಿ? ಬಾಗಿಲು ಬಡಿದ ಅಪರಿಚಿತರಿಗೆಲ್ಲ ಎಂಟು ವರ್ಷ ಅವಳು ಹೇಳಿದ್ದು ಅದನ್ನೇ. ಅವಳ ನಾಲಿಗೆ ಸೇದಿ ಹೋಗಲಿ ಎಂದು ಶಪಿಸಿದೆ, ದೇವರಾಣೆ ಶಪಿಸಿದೆ. ಅಷ್ಟರಲ್ಲಿ ಒಳಗಿನಿಂದ ಗಂಡಸರು ನಗುವುದು ಕೇಳಿಸಿತು. ಆ ನಗುವಿಗೆ ನನ್ನ ಕಾಲುಗಳು ತಾವಾಗಿ ಎದ್ದವು. ಯಾರೂ ಹೇಳದೆ, ಯಾರೂ ಕೈ ಹಿಡಿಯದೆ ನಾನು ದಾಟಿದ ಮೊದಲ ಹೊಸ್ತಿಲು ಅದು.

ಮೇಜಿನ ಆಚೆ ಮೂವರು ಕೂತಿದ್ದರು. ಇಬ್ಬರು ಮೈಸೂರು ಕಡೆಯವರು, ಕೋಟು ತೊಟ್ಟವರು. ಕೊನೆಯಲ್ಲಿದ್ದವರು ನಮ್ಮ ಸೀಮೆಯ ಒಬ್ಬ ಮಾಸ್ತರರು. ಅವರ ಮುಂದೆ ಆಯಿ ಎರಡೂ ಕೈ ಮುಷ್ಟಿ ಮಾಡಿಕೊಂಡು ನಿಂತಿದ್ದಳು. ಹದಿನಾರು ವರ್ಷದ ಹುಡುಗಿಯ ಹೆಸರು ಕೂಗಿದರೆ ಮುದುಕಿ ಬಂದು ನಾನೇ ಅವಳು ಅಂದದ್ದಕ್ಕೆ ಕೋಟಿನವರು ನಗುತ್ತಿದ್ದರು. ಆಯಿಗೆ ಆ ನಗು ಕೇಳಿಸುತ್ತಿರಲಿಲ್ಲ.

"ನಾನೇ ರೀ ಅಕಿ," ಅನ್ನುತ್ತಿದ್ದಳು. "ಏನ್ ಮಾಡೋದದ ನನಗ ಮಾಡ್ರಿ. ಎಲ್ಲಿಗಿ ಒಯ್ಯೋದದ ನನಗ ಒಯ್ರಿ. ಹುಡುಗಿಗಿ ಬಿಟ್ಟುಬಿಡ್ರಿ."

ಕೋಟಿನವರಲ್ಲಿ ಹಿರಿಯರು, ಏನು ಹೇಳುತ್ತಿದ್ದಾರೆ ಇವರು, ಈ ಕಡೆಯ ಮಾತು ನಮಗೆ ತಿಳಿಯುವುದಿಲ್ಲ ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರಿಗೆ ತಿಳಿದಿತ್ತು. ಎದ್ದು ನಿಂತು, ತಮ್ಮ ಕುರ್ಚಿಯನ್ನು ಎತ್ತಿಕೊಂಡು ಮೇಜು ಸುತ್ತಿ ಬಂದು ಆಯಿಯ ಹತ್ತಿರ ಇಟ್ಟರು.

"ಯಾರೂ ಎಲ್ಲಿಗೂ ಒಯ್ಯೋದಿಲ್ಲ ಯವ್ವಾ," ಎಂದರು. "ಕೂಡ್ರಿ."

ಆಯಿ ಕೂಡಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡ ಹಿರಿಯರು, ನನ್ನ ಹೆಸರು ಹೇಳಿ, ಅಭ್ಯರ್ಥಿ ನೀನೇನಮ್ಮ ಎಂದು ಕೇಳಿದರು. ಆಯಿ ತಿರುಗಿ ನನ್ನನ್ನು ನೋಡಿದಳು. ಹೋಗು, ಓಡು ಎನ್ನುವ ನೋಟ. ಆ ಬೆಳಿಗ್ಗೆ ಕೂಡ ಅವಳ ಮೇಲೆ ನನಗೆ ಉಳಿದಿದ್ದ ದ್ವೇಷವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗಳು ಹೋದ ದಿನ ತನಗೆ ಮಾಡಲಾಗದೇ ಹೋದದ್ದನ್ನು ಅವಳು ಈಗ ಮಾಡುತ್ತಿದ್ದಳು. ನಾನು ಓಡಲಿಲ್ಲ.

"ಹೌದ್ರಿ, ನಾನೇ," ಅಂದೆ.

ಅವರು ಮೇಜಿನ ಹತ್ತಿರ ಬಾ ಎಂದರು. ಆಯಿ ಅಡ್ಡ ನಿಂತಿದ್ದಳು, ಸರಿಯಲಿಲ್ಲ. ಮಾಸ್ತರರು ಕಣ್ಣಿನಲ್ಲೇ ಹಿರಿಯರಿಗೆ ಏನೋ ಹೇಳಿದರು. ಹಾಗಾಗಿ ನನ್ನ ಪರೀಕ್ಷೆ ಆಯಿಯ ಬೆನ್ನಿನ ಹಿಂದೆಯೇ ನಡೆಯಿತು. ಮಗ್ಗಿ ಕೇಳಿದರು, ಹೇಳಿದೆ. ನದಿಗಳನ್ನು ಕೇಳಿದರು, ಹೇಳಿದೆ. ಕಡೆಗೆ ಮಾಸ್ತರರು ಒಂದು ಪಾಠದ ಪುಸ್ತಕವನ್ನು ಆಯಿಯ ಭುಜದ ಮೇಲಿಂದ ನನಗೆ ದಾಟಿಸಿದರು. ಹಿಂದಿನ ಸಾಲಿನ ಮಗುವಿಗೂ ಕೇಳುವ ಹಾಗೆ ಓದಬೇಕು ಎಂದರು ಹಿರಿಯರು. ನಾನು ಪಿಸುದನಿಯಲ್ಲಿ ಶುರು ಮಾಡಿದೆ. ಕೇಳಿಸುತ್ತಿಲ್ಲ, ಇನ್ನೂ ಗಟ್ಟಿಯಾಗಿ ಎಂದರು. ಸ್ವಲ್ಪ ಏರಿಸಿದೆ. ಇಷ್ಟು ಸಾಲದು, ಇದರಲ್ಲೇ ಆರಿಸಬೇಕೋ ಬೇಡವೋ ತಿಳಿಯುವುದು ಎಂದರು.

ನಾನು ದನಿ ಬಿಟ್ಟೆ. ಅದು ಆ ಕಲ್ಲಿನ ಗೋಡೆಗಳಿಗೆ ಬಡಿದು ತಿರುಗಿ ಬಂತು, ಯಾರದೋ ದನಿ ಎಂಬಂತೆ. ಮೊದಲ ಸಾಲಿಗೇ ಆಯಿಯ ಬೆನ್ನು ಬೆಚ್ಚಿತು. ನನ್ನ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿತ್ತು ಆ ಬೆನ್ನು, ಚಳಿಗಾಲದಲ್ಲೂ ಕುಪ್ಪಸ ಬೆವರಿನಿಂದ ತೊಯ್ದಿತ್ತು. ಎರಡನೆಯ ಸಾಲಿಗೆ ಮತ್ತೆ ಬೆಚ್ಚಿತು. ನನ್ನ ಒಂದೊಂದು ಮಾತೂ ಅವಳ ಮೇಲೆ ಏಟಿನ ಹಾಗೆ ಬೀಳುತ್ತಿತ್ತು. ದನಿ ಇಳಿಸಿದರೆ ಅವಳಿಗೆ ನೆಮ್ಮದಿ, ನನಗೆ ಔರಾದು. ನಾನು ಇಳಿಸಲಿಲ್ಲ. ಪುಟ ಅರ್ಧಕ್ಕೆ ಬಂದಾಗ ಹಿರಿಯರು, ಸಾಕಮ್ಮ, ಆಯಿತು, ತರಬೇತಿಗೆ ಸೇರಿಕೋ ಎಂದರು. ಆಯಿ ನಡುಗುತ್ತಲೇ ಇದ್ದಳು. ನಾನು ಅಳುತ್ತ, ಪುಟದ ಕಡೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದೆ.